ಮಣ್ಣಿಗೆ ಹೋದವರು

ಪುಣೆಯ ಬಸ್ಸು ವಾಶಿಯ ಹೆದ್ದಾರಿಯಲ್ಲಿ ಇಳಿಸಿ ಮುಂದೆ ಹೋಗುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹುಡುಗಿಯ ಬೆನ್ನಚೀಲದಲ್ಲಿ ಒಂದು ಕರಣೆ, ಮೆತ್ತನೆಯ ಬ್ರಷ್ಷುಗಳು, ಚೂಪು ಮಾಡಿದ ಬಿದಿರ ಕಡ್ಡಿಗಳ ಕಟ್ಟು, ಒಂದು ಅಳತೆಪಟ್ಟಿ. ಮೂರನೆಯ ಮಹಡಿ ಹತ್ತಿ ಬಾಗಿಲು ತಟ್ಟಿದರೆ ಆಯಿ ಒಳಗಿನಿಂದಲೇ ಕೇಳುತ್ತಾಳೆ: ‘ಈ ಸಲ ಯಾರ ಮಣ್ಣಿಗಿ ಹೋಗಿದ್ದೆವ್ವಾ?’

ಸುರಪುರದ ಸುತ್ತಣ ಸಗರನಾಡಿನ ಮಾತಿನಲ್ಲಿ ಮಣ್ಣಿಗೆ ಹೋಗುವುದೆಂದರೆ ಸತ್ತವರನ್ನು ಹೂಳುವಾಗ ಜೊತೆಗಿರುವುದು. ಬದುಕಿದ್ದಾಗ ಮಾತು ಬಿಟ್ಟವರೂ ಮಣ್ಣಿಗೆ ಹೋಗುತ್ತಾರೆ. ಹೋಗಿ ಒಂದು ಹಿಡಿ ಮಣ್ಣು ಹಾಕಿ, ತಿರುಗಿ ಬಂದು ಜಳಕ ಮಾಡುತ್ತಾರೆ. ಮೊಮ್ಮಗಳು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ವದ ಎಂ.ಎ. ಓದುತ್ತಾಳೆ, ಅದರಲ್ಲೂ ಮನುಷ್ಯರ ಎಲುಬುಗಳ ಅಧ್ಯಯನವನ್ನು ಹಿಡಿದಿದ್ದಾಳೆ ಎಂದು ಕೇಳಿದಾಗ, ಆಯಿ ಆ ಓದನ್ನು ತನಗೆ ಗೊತ್ತಿದ್ದ ಒಂದೇ ಹೆಸರಿನಿಂದ ಕರೆದಳು. ಮೊದಲ ವರ್ಷ ಹುಡುಗಿಗೆ ಅದು ತಮಾಷೆಯಂತೆ ಕಂಡಿತ್ತು. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಇದಕ್ಕಿಂತ ಸರಿಯಾದ ಹೆಸರು ತನ್ನ ಪಠ್ಯಪುಸ್ತಕಗಳಲ್ಲೂ ಇಲ್ಲವೆಂದು ಅವಳಿಗೆ ಅನ್ನಿಸತೊಡಗಿತು.

ವಾಶಿಯಲ್ಲಿ ಹಳೆಯದೆಂಬುದು ಕಡಿಮೆ. ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೊ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ಠಾಣೆ ಖಾಡಿಯ ಮೇಲೆ ಮೊದಲ ಸೇತುವೆ ಬಂದದ್ದು 1973ರಲ್ಲಿ, ಲೋಕಲ್ ರೈಲು ಬಂದದ್ದು 1992ರಲ್ಲಿ. ಈ ನಡುವೆ ಸೆಕ್ಟರ್ ಮೇಲೆ ಸೆಕ್ಟರ್ ಎದ್ದು ನಿಂತಾಗ ಗಾರೆ ಕಲಸಿದವರಲ್ಲಿ, ಇಟ್ಟಿಗೆ ಹೊತ್ತವರಲ್ಲಿ ಕಲಬುರಗಿ ಸೀಮೆಯ ಜನ ಬಹಳ. ಹುಡುಗಿಯ ಮುತ್ಯಾ ಅಲ್ಲಿ ಗೌಂಡಿಯಾಗಿದ್ದ. ಅವನು ತೀರಿಕೊಂಡಾಗ ದೇಹವನ್ನು ರಾತ್ರೋರಾತ್ರಿ ಊರಿಗೆ ಒಯ್ದು, ಲಿಂಗಾಯತರ ಪದ್ಧತಿಯಂತೆ ಕೂತ ಭಂಗಿಯಲ್ಲಿ, ಕೈಯಲ್ಲಿ ಇಷ್ಟಲಿಂಗವಿಟ್ಟು ಹೊಲದಲ್ಲೇ ಮಣ್ಣು ಕೊಟ್ಟರು. ಆಗ ಹತ್ತು ವರ್ಷದವಳಾಗಿದ್ದ ಹುಡುಗಿಯೂ ಒಂದು ಹಿಡಿ ಹಾಕಿದಳು. ಕೈಗೆ ಅಂಟಿದ ಆ ಕರಿಮಣ್ಣಿನ ಜಿಗುಟು ಅವಳಿಗೆ ಇವತ್ತಿಗೂ ನೆನಪಿದೆ.

ಓದು ಶುರುವಾದ ವರ್ಷ ಅವಳು ಮಾಡಿದ ಮೊದಲ ಪ್ರಯಾಣ ಹತ್ತಿರದ್ದೇ. ವಾಶಿಯಿಂದ ಲೋಕಲ್ ಹಿಡಿದು ಠಾಣೆ, ಅಲ್ಲಿಂದ ಘೋಡ್‌ಬಂದರ್ ರಸ್ತೆಯ ಬಸ್ಸಿನಲ್ಲಿ ಬೋರಿವಲಿ, ಆಮೇಲೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ ಕನ್ಹೇರಿ. ಕಪ್ಪು ಬಸಾಲ್ಟ್ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಬಂದವರೆಲ್ಲ ಮೂರನೆಯ ಗುಹೆಯ ದೊಡ್ಡ ಚೈತ್ಯವನ್ನೂ ಅಲ್ಲಿನ ಬುದ್ಧನನ್ನೂ ನೋಡಿ ಕೆಳಗಿಳಿಯುತ್ತಾರೆ. ಸಂಖ್ಯೆ 87ರವರೆಗೆ ನಡೆಯುವವರು ವಿರಳ. ಅದು ಗುಹೆಯೂ ಅಲ್ಲ. ಬಾಗಿದ ಬಂಡೆಯ ಕೆಳಗೆ ಉದ್ದಕ್ಕೆ ಚಾಚಿದ ತೆರೆದ ಪಡಸಾಲೆ. ನೆಲದ ತುಂಬ ಇಟ್ಟಿಗೆಯ ಚಿಕ್ಕ ಚಿಕ್ಕ ಸ್ತೂಪಗಳ ತಳಗಳು, ಒಂದರ ಪಕ್ಕ ಒಂದು. ಇದು ಕನ್ಹೇರಿಯ ಭಿಕ್ಷುಗಳ ಸ್ಮಶಾನ.

ಡೆಕ್ಕನ್ ಕಾಲೇಜಿನ ಶೋಭನಾ ಗೋಖಲೆ 1970ರ ದಶಕದಲ್ಲಿ ಇಲ್ಲಿನ ಕಲ್ಲುಗಳ ಮೇಲೆ ಸಣ್ಣ ಅಕ್ಷರಗಳನ್ನು ಗುರುತಿಸಿದರು. ಅವು ಹೆಸರುಗಳು. ಇಂಥ ಸ್ಥವಿರನ ಸ್ತೂಪ, ಅವನು ಅರ್ಹಂತ ಪದವಿಗೆ ಏರಿದವನು ಎಂಬಂಥ ಒಂದೊಂದು ಸಾಲು. 1991ರಲ್ಲಿ ಅವರ ಕನ್ಹೇರಿ ಶಾಸನಗಳ ಗ್ರಂಥ ಹೊರಬಂತು. ಸತ್ತವರ ಹೆಸರು ಉಳಿದು ದೇಹ ಉಳಿಯದ ಜಾಗ ಇದು. ಸುಟ್ಟ ಬೂದಿಯ ಒಂದಿಷ್ಟು ಪಾಲು ಸ್ತೂಪದೊಳಗೆ ಹೋಗಿದೆ, ಅಷ್ಟೆ. ಇದೇ ಬೆಟ್ಟದಲ್ಲಿ 1839ರಲ್ಲಿ ಜೇಮ್ಸ್ ಬರ್ಡ್ ಒಂದು ದೊಡ್ಡ ಸ್ತೂಪವನ್ನು ಬಿಚ್ಚಿದಾಗ ಸಿಕ್ಕದ್ದೂ ತಾಮ್ರದ ಕಲಶಗಳಲ್ಲಿದ್ದ ಬೂದಿ, ಜೊತೆಗೆ ಎರಡು ತಾಮ್ರಪಟ.

ಆ ಬೆಟ್ಟದಲ್ಲಿ ಕನ್ನಡಿಗರ ಕಾಲು ನಿಲ್ಲುವ ಇನ್ನೊಂದು ತಾಣವಿದೆ. ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಬರುತ್ತದೆ. ಮಾನ್ಯಖೇಟದಲ್ಲಿ ಕೂತ ಅರಸನ ಆಳ್ವಿಕೆಯನ್ನು ಇಲ್ಲಿನ ಶಿಲಾಹಾರ ಸಾಮಂತ ಒಪ್ಪಿಕೊಂಡ ದಾಖಲೆ ಅದು. ಬೆಟ್ಟ ಇಳಿದು ಬಂದರೆ ಬೋರಿವಲಿಯ ಏಕ್ಸರಿನಲ್ಲಿ ಆಳೆತ್ತರದ ಆರು ವೀರಗಲ್ಲುಗಳಿವೆ, ಕೆಲವುಗಳ ಮೇಲೆ ಹಡಗು, ಹುಟ್ಟು, ಕಡಲಕಾಳಗ. ಮರಾಠಿಯಲ್ಲಿ ವೀರಗಲ್ಲನ್ನು ‘ವೀರಗಳ’ ಎನ್ನುತ್ತಾರೆ. ಆ ‘ಗಳ’ ನಮ್ಮ ‘ಕಲ್’. ಸತ್ತವನನ್ನು ಕಲ್ಲಿನಲ್ಲಿ ನಿಲ್ಲಿಸುವ ರೂಢಿಯ ಜೊತೆ ಅದರ ಹೆಸರೂ ಘಟ್ಟ ಇಳಿದಿದೆ.

ಎಲುಬಿನ ವಿದ್ಯಾರ್ಥಿಗೆ ಕೊಂಕಣ ನಿರಾಸೆಯ ಸೀಮೆ. ಜಂಬಿಟ್ಟಿಗೆಯ ಕೆಂಪು ಮಣ್ಣು ಆಮ್ಲೀಯ, ಮಳೆ ಧಾರಾಕಾರ. ಅಂಥ ಮಣ್ಣಿನಲ್ಲಿ ಎಲುಬು ಕರಗಿಹೋಗುತ್ತದೆ. ಹೂಳಿದ ಗುಂಡಿ ಸಿಕ್ಕರೂ, ಮಡಕೆ ಸಿಕ್ಕರೂ, ಮನುಷ್ಯ ಸಿಗುವುದಿಲ್ಲ. ಘಟ್ಟ ಹತ್ತಿ ಸುಣ್ಣದ ಹರಳಿರುವ ಕರಿಮಣ್ಣಿಗೆ ಹೋದರೆ ಕತೆ ಬೇರೆ.

ಘಟ್ಟದ ಮೇಲಿನ ಆ ಕತೆಯನ್ನು ಹೇಳುವ ಊರು ಇನಾಮಗಾವ್. ಪುಣೆ ಜಿಲ್ಲೆಯ ಘೋಡ್ ನದಿಯ ದಂಡೆಯಲ್ಲಿ 1968ರಿಂದ 1983ರವರೆಗೆ ಎಚ್.ಡಿ. ಸಾಂಕಳಿಯಾ, ಎಂ.ಕೆ. ಢವಳೀಕರ್, ಝಡ್.ಡಿ. ಅನ್ಸಾರಿ ಅಗೆಸಿದ ತಾಮ್ರಶಿಲಾಯುಗದ ಹಳ್ಳಿ. ಕ್ರಿ.ಪೂ. 1600ರ ಸುಮಾರಿಗೆ ಶುರುವಾಗಿ ಒಂಬೈನೂರು ವರ್ಷ ಬಾಳಿದ ಊರು. ಇನ್ನೂರ ಅರವತ್ತಕ್ಕೂ ಹೆಚ್ಚು ಸಮಾಧಿಗಳು ಸಿಕ್ಕವು, ಬಹುಪಾಲು ಮಕ್ಕಳವು. ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಹಚ್ಚಿ ಅಡ್ಡ ಮಲಗಿಸಿ, ಒಳಗೆ ಕೂಸನ್ನಿಟ್ಟು, ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಮೇಲೆ ಒಲೆ ಉರಿಯುತ್ತಿತ್ತು, ಉಳಿದ ಮಕ್ಕಳು ಮಲಗುತ್ತಿದ್ದರು. ನಮ್ಮ ಟೆಕ್ಕಲಕೋಟೆಯಲ್ಲಿ, ಹಳ್ಳೂರಿನಲ್ಲಿ, ಬ್ರಹ್ಮಗಿರಿಯಲ್ಲೂ ನವಶಿಲಾಯುಗದ ತಾಯಂದಿರು ಕೂಸುಗಳನ್ನು ಮಡಕೆಯಲ್ಲೇ ಇಟ್ಟರು. ಟೆಕ್ಕಲಕೋಟೆಯನ್ನು ಅಗೆದು 1965ರಲ್ಲಿ ಅದರ ವರದಿ ಬರೆದ ಎಂ.ಎಸ್. ನಾಗರಾಜರಾವ್ ಮತ್ತು ಎಲುಬುಗಳನ್ನು ಪರೀಕ್ಷಿಸಿದ ಕೆ.ಸಿ. ಮಲ್ಹೋತ್ರಾ ಇಬ್ಬರೂ ಡೆಕ್ಕನ್ ಕಾಲೇಜಿನ ಬಳಗದವರೇ. ದೊಡ್ಡವರನ್ನು ಸುಡುವ ಮನೆತನಗಳೂ ಇವತ್ತಿಗೂ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತವೆ. ಮೂರು ಸಾವಿರ ವರ್ಷಗಳ ಹಿಂದಿನ ಮಡಕೆಗೂ ಈ ರೂಢಿಗೂ ನೇರ ಎಳೆ ಎಳೆಯುವುದು ತಪ್ಪಾದೀತು. ಆದರೆ ಕೂಸಿನ ಸಾವು ಬೇರೆ ಥರದ ಸಾವು ಎಂಬ ಅರಿವು ಎರಡು ಕಡೆಯೂ ಒಂದೇ.

ಇನಾಮಗಾವಿನ ದೊಡ್ಡವರನ್ನು ಉತ್ತರಕ್ಕೆ ತಲೆ ಮಾಡಿ ಅಂಗಾತ ಮಲಗಿಸಿದ್ದರು. ಆದರೆ ಕಾಲು ಹರಡಿನ ಕೆಳಗೆ ಏನೂ ಇಲ್ಲ. ಪಾದಗಳನ್ನು ಕಡಿದು ಹೂಳಿದ್ದರು. ಸತ್ತವರು ಎದ್ದು ಅಲೆಯದಿರಲಿ ಎಂಬ ಭಯವಿರಬಹುದು ಎಂದು ಅಗೆದವರು ಊಹಿಸಿದರು. ಐದು ಕೋಣೆಗಳ ಒಂದು ಮನೆಯ ಅಂಗಳದಲ್ಲಿ ಮಾತ್ರ, ನಾಲ್ಕು ಕಾಲಿನ ಹೊಟ್ಟೆಯಾಕಾರದ ಮಣ್ಣಿನ ವಾಡೆಯೊಳಗೆ ಒಬ್ಬ ನಡುವಯಸ್ಸಿನ ಗಂಡಸು ಕೂತಿದ್ದ. ಅವನ ಪಾದಗಳನ್ನು ಕಡಿದಿರಲಿಲ್ಲ. ಆ ಕೂತ ಮನುಷ್ಯನ ಚಿತ್ರವನ್ನು ಮೊದಲ ಸಲ ನೋಡಿದಾಗ ಹುಡುಗಿ ಪುಟ ತಿರುಗಿಸಲಿಲ್ಲ. ಮುತ್ಯಾ ಕೂತದ್ದೂ ಹಾಗೆಯೇ.

ಗುಜರಾತಿನ ವಡನಗರದಲ್ಲಿ 2019ರಲ್ಲಿ ಕಾಲು ಮಡಚಿ ಕೂತ ಸಾವಿರ ವರ್ಷಗಳಷ್ಟು ಹಳೆಯ ಅಸ್ಥಿಪಂಜರವೊಂದು ಸಿಕ್ಕಿತು. ಅದನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿದರು. 2025ರಲ್ಲಿ ವಸ್ತುಸಂಗ್ರಹಾಲಯಕ್ಕೆ ಸಾಗಿಸುವವರೆಗೆ ಅದು ವರ್ಷಗಟ್ಟಲೆ ಗುಡಾರವೊಂದರಡಿ ಕೂತೇ ಇತ್ತು. ಮಣ್ಣಿನಿಂದ ಎಬ್ಬಿಸಿದ ಮೇಲೆ ಅವರಿಗೊಂದು ನೆಲೆ ಕೊಡುವುದೂ ಎಬ್ಬಿಸಿದವರ ಹೊಣೆ. ಅಗೆಯುವ ಯೋಜನೆ ಬರೆಯುವಾಗಲೇ ಇಡುವ ಜಾಗದ ಯೋಜನೆಯೂ ಇರಬೇಕು.

ಎಲುಬಿನ ಓದು ಕೈಯಿಂದ ಶುರುವಾಗುತ್ತದೆ. ಕಬ್ಬಿಣ ಗೀರು ಹಾಕುತ್ತದೆಂದು ಬಿದಿರ ಕಡ್ಡಿಯಿಂದ ಮಣ್ಣು ಬಿಡಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆಂದು ನೆರಳಲ್ಲಿ ಒಣಗಿಸಬೇಕು. ಆಮೇಲೆ ಪ್ರಶ್ನೆಗಳು. ಗಂಡೋ ಹೆಣ್ಣೋ? ಸೊಂಟದ ಎಲುಬಿನ ಹಿಂಬದಿಯ ಕಚ್ಚು ಅಗಲವಾಗಿದ್ದರೆ ಹೆಣ್ಣಿರಬೇಕು, ಇಕ್ಕಟ್ಟಾಗಿದ್ದರೆ ಗಂಡು. ವಯಸ್ಸೆಷ್ಟು? ಮಕ್ಕಳಲ್ಲಿ ಹಲ್ಲು ಹೇಳುತ್ತದೆ. ಹರೆಯದವರಲ್ಲಿ ಎಲುಬಿನ ತುದಿಗಳು ಕೂಡಿಕೊಂಡ ಬಗೆ ಹೇಳುತ್ತದೆ, ಎಲ್ಲಕ್ಕೂ ಕೊನೆಗೆ, ಇಪ್ಪತ್ತು ದಾಟಿದ ಮೇಲೆ, ಕೂಡುವುದು ಕೊರಳ ಎಲುಬಿನ ಎದೆಗೆ ತಾಗುವ ತುದಿ. ತೊಡೆಯ ಎಲುಬಿನಿಂದ ಎತ್ತರ ಲೆಕ್ಕ ಹಾಕುತ್ತಾರೆ. ಹಲ್ಲಿನ ಮೇಲೆ ಅಡ್ಡಗೆರೆಗಳಿದ್ದರೆ ಬಾಲ್ಯದಲ್ಲಿ ಹಸಿವೋ ದೊಡ್ಡ ಜ್ವರವೋ ಬಂದಿತ್ತು ಎಂದರ್ಥ. ರಾಜಸ್ಥಾನದ ಬಾಲಾಥಲ್‌ನಲ್ಲಿ ಸಿಕ್ಕ, ಕ್ರಿ.ಪೂ. 2000ದ ಸುಮಾರಿನ ಒಬ್ಬ ಗಂಡಸಿನ ಮುಖದ ಎಲುಬು ಸವೆದ ರೀತಿಯಿಂದ ಅವನಿಗೆ ಕುಷ್ಠವಿತ್ತೆಂದು 2009ರಲ್ಲಿ ತಿಳಿಯಿತು. ಎಲುಬಿನಲ್ಲಿ ಉಳಿದ ಕುಷ್ಠದ ಅತಿ ಹಳೆಯ ಕುರುಹು ಅದು ಎಂದು ಆಗ ಪ್ರಕಟವಾಯಿತು. ಅವನನ್ನು ಕಲ್ಲಿನ ಆವರಣದೊಳಗೆ, ಸುಟ್ಟ ಸಗಣಿಯ ಬೂದಿಯಲ್ಲಿ ಹೂಳಿದ್ದರು. ನಂಜಿದ್ದವನಿಗೂ ಯಾರೋ ಮಣ್ಣಿಗೆ ಬಂದಿದ್ದರು.

ಈ ವಿದ್ಯೆಗೆ ಕರಾಳ ಬಾಲ್ಯವೂ ಇದೆ, ಅದನ್ನು ಮುಚ್ಚಿಟ್ಟು ಓದಬಾರದು. 1939ರಲ್ಲಿ ಡೆಕ್ಕನ್ ಕಾಲೇಜು ಸ್ನಾತಕೋತ್ತರ ಸಂಸ್ಥೆಯಾಗಿ ಮತ್ತೆ ತೆರೆದಾಗ ಸಾಂಕಳಿಯಾ ಜೊತೆ ಸೇರಿದವರು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ. ಅದಕ್ಕೂ ಮುಂಚೆ, 1920ರ ದಶಕದ ಕೊನೆಯಲ್ಲಿ, ಅವರು ಬರ್ಲಿನ್ನಿನಲ್ಲಿ ಓಯ್ಗನ್ ಫಿಷರ್ ಕೈಕೆಳಗೆ ತಲೆಬುರುಡೆ ಅಳೆಯುತ್ತಿದ್ದರು. ಬಿಳಿಯರ ಬುದ್ಧಿ ಹೆಚ್ಚೆಂದು ಬುರುಡೆಯ ವಾರೆಕೋರೆಯಿಂದ ತೋರಿಸುವ ಹಟ ಆ ಗುರುವಿನದು. ಬುರುಡೆಗಳು ಬಂದಿದ್ದುದು ಜರ್ಮನಿಯ ವಸಾಹತು ನೆಲಗಳಿಂದಲೂ. ಅಳೆದು ಮುಗಿಸಿದ ಕರ್ವೆ, ಅಂಥ ಸಂಬಂಧ ಯಾವುದೂ ಇಲ್ಲವೆಂದು ಬರೆದುಕೊಟ್ಟರು. ಗುರುವಿನ ಸಿದ್ಧಾಂತದ ಎದುರು ವಿದೇಶದ ಒಬ್ಬ ವಿದ್ಯಾರ್ಥಿನಿ ಆ ಕಾಲದಲ್ಲಿ ಹಾಗೆ ಬರೆದದ್ದು ದೊಡ್ಡ ಧೈರ್ಯ. 1940ರ ದಶಕದಲ್ಲಿ ಅವರು, ಸಾಂಕಳಿಯಾ ಸೇರಿ ಗುಜರಾತಿನ ಲಂಘನಾಜ್‌ನಲ್ಲಿ ಶಿಲಾಯುಗದ ಮನುಷ್ಯರನ್ನು ಹೊರತೆಗೆದರು. ಪುಣೆಯ ಎಲುಬಿನ ಓದಿನ ಬೇರು ಅಲ್ಲಿದೆ.

ಸತ್ತವರಿಗೂ ಮರ್ಯಾದೆ, ಅವರ ಸಂತತಿಯ ಮಾತಿಗೂ ಮರ್ಯಾದೆ ಎಂದು ಜಗತ್ತಿನ ಪುರಾತತ್ವಜ್ಞರು ಅಮೆರಿಕದ ವರ್ಮಿಲಿಯನ್‌ನಲ್ಲಿ ಒಪ್ಪಿಕೊಂಡದ್ದು 1989ರಲ್ಲಿ. ಮರುವರ್ಷ ಅಮೆರಿಕ ತನ್ನ ಮೂಲನಿವಾಸಿಗಳ ಎಲುಬುಗಳನ್ನು ಮರಳಿಸುವ ಕಾನೂನು ಮಾಡಿತು. ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಸಂಗ್ರಹಾಲಯ ನಾಗಾ ಜನರ ಅವಶೇಷಗಳನ್ನು ಪ್ರದರ್ಶನದಿಂದ ತೆಗೆದದ್ದು 2020ರಲ್ಲಿ. ಅವನ್ನು ನಾಡಿಗೆ ತರುವ ಮಾತುಕತೆ ನಾಗಾ ಹಳ್ಳಿಗಳಲ್ಲೇ ನಡೆದಿದೆ.

ಹಲ್ಲಿನ ಪಾಠದ ದಿನ ಹುಡುಗಿಗೆ ಮನೆಯ ನೆನಪಾಯಿತು. ನಾವು ಕುಡಿದ ನೀರಿನಲ್ಲಿ, ಉಂಡ ಕಾಳಿನಲ್ಲಿ ಆ ನೆಲದ ಕಲ್ಲಿನ ಸ್ಟ್ರಾನ್ಶಿಯಂ ಇರುತ್ತದೆ. ಅದು ಹಲ್ಲಿಗೂ ಎಲುಬಿಗೂ ಸೇರುತ್ತದೆ. ಮೊದಲ ದವಡೆಹಲ್ಲಿನ ಮೇಲ್ಪದರ ಹುಟ್ಟಿನಿಂದ ಮೂರು ವರ್ಷದೊಳಗೆ ಕಟ್ಟಿ ಮುಗಿದು ಮತ್ತೆ ಬದಲಾಗುವುದಿಲ್ಲ. ಎಲುಬು ಮಾತ್ರ ಬದುಕಿನುದ್ದಕ್ಕೂ ಸವೆದು ಹೊಸದಾಗುತ್ತಲೇ ಇರುತ್ತದೆ. ಸಹ್ಯಾದ್ರಿಯ ಬಸಾಲ್ಟಿಗೂ ಸುರಪುರದ ಸೀಮೆಯ ಹಳೆಯ ಗ್ರಾನೈಟಿಗೂ ಈ ಸ್ಟ್ರಾನ್ಶಿಯಂನ ಗುರುತು ಬೇರೆ. ಹಾಗಾದರೆ ಆಯಿಯ ಹಲ್ಲು ಸಗರನಾಡಿನದು, ಎಲುಬು ವಾಶಿಯದು. ಹುಡುಗಿಯದು ಎರಡೂ ವಾಶಿಯ ನೀರಿನದು. ಜನಗಣತಿಯ ಕಾಗದ ವಲಸೆಯನ್ನು ಒಂದು ಕೋಷ್ಟಕದಲ್ಲಿ ಬರೆಯುತ್ತದೆ. ದೇಹ ಅದನ್ನು ಎರಡು ಕಡೆ ಬರೆದಿಟ್ಟುಕೊಳ್ಳುತ್ತದೆ.

ಪ್ರಬಂಧಕ್ಕೆ ವಿಷಯ ಆರಿಸುವ ಕಾಲ ಬಂದಾಗ ಅವಳು ಕಲ್ಯಾಣದಿಂದ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದಳು. ಘಟ್ಟ, ಪುಣೆ, ಸೊಲ್ಲಾಪುರ, ಕಲಬುರಗಿ. ಬೋಗಿಯ ಮಾತು ಮರಾಠಿಯಿಂದ ನಿಧಾನಕ್ಕೆ ಕನ್ನಡಕ್ಕೆ ಹೊರಳುತ್ತದೆ. ಶಹಾಬಾದ್ ನಿಲ್ದಾಣದ ಆಚೆ ಕಲ್ಲುಗಣಿಗಳು. ಮಹಾರಾಷ್ಟ್ರದ ಅಡುಗೆಕಟ್ಟೆ, ಮೋರಿ, ಜಿನೆ ಎಲ್ಲದಕ್ಕೂ ಹಾಸುವ ಶಹಾಬಾದಿ ಫರಶಿ ಇಲ್ಲಿಯದು. ವಾಶಿಯಲ್ಲಿ ಮುತ್ಯಾ ಹಾಸಿದ್ದೂ ಇದನ್ನೇ. ಯಾದಗಿರಿಯಲ್ಲಿ ಇಳಿದಾಗ ಕತ್ತಲು. ಮರುದಿನ ಬಸ್ಸಿನಲ್ಲಿ ಸುರಪುರ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಬಂದು, ಬಾಲಕ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡು 1853ರವರೆಗೆ ಇದ್ದ. ಹುಡುಗ ಅವನನ್ನು ಅಪ್ಪಾ ಎನ್ನುತ್ತಿದ್ದ. ಆ ಹುಡುಗನೇ ಬೆಳೆದು ಬ್ರಿಟಿಷರ ಮೇಲೆ ಎದ್ದು 1858ರಲ್ಲಿ ತೀರಿಕೊಂಡ. ಸಂಸ್ಥಾನದ ಕೆಲಸದ ನಡುವೆ ಟೇಲರ್ ಸೀಮೆಯ ಕಲ್ಗೋರಿಗಳನ್ನು ತೆರೆದು ನೋಡಿದ. ಸುಮ್ಮನೆ ಮಡಕೆ ಎತ್ತಲಿಲ್ಲ. ಗುಂಡಿಯ ಸೀಳುನೋಟ ಬರೆದು, ಯಾವ ಪದರದಲ್ಲಿ ಏನಿತ್ತೆಂದು ಗುರುತು ಮಾಡಿದ. ಆ ಚಿತ್ರಗಳನ್ನು ನೂರು ವರ್ಷಗಳ ನಂತರ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಮೆಚ್ಚಿಕೊಂಡರು. ಈ ಗೋರಿಗಳ ಬಗ್ಗೆ ಟೇಲರನ ಮೊದಲ ಬರಹ ಅಚ್ಚಾದದ್ದು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಜರ್ನಲ್ಲಿನಲ್ಲಿ. ಹುಡುಗಿಯ ಊರಿನ ಸತ್ತವರು ಅವಳ ಮುತ್ಯಾನಿಗಿಂತ ನೂರ ಮೂವತ್ತು ವರ್ಷ ಮೊದಲೇ ಮುಂಬಯಿ ತಲುಪಿದ್ದರು, ಕಾಗದದ ಮೇಲೆ.

ಜೇವರ್ಗಿಯ ಗೋರಿಗಳಲ್ಲಿ ಟೇಲರನಿಗೆ ತಲೆ ಬೇರೆ, ಮುಂಡ ಬೇರೆಯಾದ ಅಸ್ಥಿಪಂಜರಗಳು ಸಿಕ್ಕವು. ಅವನು ನರಬಲಿಯೆಂದುಕೊಂಡ. ಇಂದಿನ ವಿದ್ಯಾರ್ಥಿ ಅಲ್ಲಿ ತಡೆದು ಕೇಳುತ್ತಾಳೆ: ಕತ್ತಿನ ಮಣಿಗಳ ಮೇಲೆ ಕಡಿದ ಗುರುತಿದೆಯೇ? ಅಂಚು ಹಸಿ ಎಲುಬು ಒಡೆದಂತಿದೆಯೇ, ಒಣ ಎಲುಬು ಮುರಿದಂತಿದೆಯೇ? ದೇಹ ಕೊಳೆತ ಮೇಲೆ ಬುರುಡೆ ತಾನಾಗಿ ಉರುಳಬಲ್ಲದು. ಹೆಗ್ಗಣ, ಬೇರು, ಗೋರಿಯೊಳಗೆ ನಿಂತ ನೀರು ಅದನ್ನು ಸರಿಸಬಲ್ಲವು. ಬೇರೆಡೆ ಇಟ್ಟಿದ್ದ ಎಲುಬುಗಳನ್ನು ಆಮೇಲೆ ತಂದು ಕೂಡಿಸಿ ಹೂಳುವ ಪದ್ಧತಿಯೂ ದಕ್ಷಿಣದ ಕಲ್ಗೋರಿಗಳಲ್ಲಿ ವ್ಯಾಪಕ. ಆ ಎಲುಬುಗಳನ್ನು ಕಣ್ಣಾರೆ ನೋಡದೆ ಬಲಿಯೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ಇನಾಮಗಾವಿನ ಪಾದಗಳ ಬಗ್ಗೆಯೂ ಇದೇ ಎಚ್ಚರ ಬೇಕು: ಪಾದ ಇರಲಿಲ್ಲವೆಂಬುದು ಕಂಡದ್ದು, ಭೂತದ ಭಯವೆಂಬುದು ಊಹೆ. ಕಂಡದ್ದನ್ನೂ ಊಹಿಸಿದ್ದನ್ನೂ ಎರಡು ಬುಟ್ಟಿಯಲ್ಲಿ ಇಡುವುದನ್ನು ಕಲಿಯಲು ಎರಡು ವರ್ಷ ಬೇಕಾಗುತ್ತದೆ.

ರಾಜನಕೋಳೂರು ಹುಣಸಗಿಯ ಕಡೆ. ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿದ ಕಲ್ಮನೆಗಳು ಬಿಸಿಲಲ್ಲಿ ನಿಂತಿವೆ. ಜನ ಇವನ್ನು ಮೋರೇರ ಮನೆ ಎನ್ನುತ್ತಾರೆ. ಮೋರೇರು ಗಿಡ್ಡ ಜನ, ಇಲ್ಲಿ ವಾಸವಿದ್ದರಂತೆ. ಗಂಗಾವತಿಯ ಹಿರೇಬೆಣಕಲ್ಲಿನಲ್ಲೂ ಅದೇ ಕತೆ. ಅಲ್ಲಿ ನೂರಾರು ಕಲ್ಮನೆಗಳಿದ್ದು, 2021ರಲ್ಲಿ ಆ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಇಂಥ ಮನೆಗಳನ್ನು ಹಳ್ಳಿಹಳ್ಳಿ ಸುತ್ತಿ ಅಳೆದು, ಬಗೆ ವಿಂಗಡಿಸಿ 1975ರಲ್ಲಿ ದೊಡ್ಡ ಗ್ರಂಥ ಬರೆದವರು ಅ. ಸುಂದರ. ಸತ್ತವರ ಗೋರಿಯನ್ನು ಬದುಕಿದವರ ಮನೆ ಎಂದ ಊರವರ ಮಾತನ್ನು ತಪ್ಪೆಂದು ತಿದ್ದಲು ಹುಡುಗಿಗೆ ಮನಸ್ಸಾಗಲಿಲ್ಲ. ಕಟ್ಟಿದವರೂ ಮನೆಯೆಂದೇ ಕಟ್ಟಿದ್ದಾರೆ. ಗೋಡೆ, ಸೂರು. ಕಲ್ಗೋರಿಗಳಲ್ಲಿ ಸಿಗುವ ಕಪ್ಪು ಕೆಂಪು ಬಟ್ಟಲುಗಳು ಉಣ್ಣುವ ಬಟ್ಟಲುಗಳೇ. ಮುತ್ಯಾನಿಗೆ ಮೂರನೆಯ ದಿನ ಹಾಲುತುಪ್ಪ ಬಿಡಲು ಹೋದಾಗ ಆಯಿಯೂ ಬಟ್ಟಲನ್ನು ಅಲ್ಲೇ ಬಿಟ್ಟು ಬಂದಿದ್ದಳು.

ಅವಳು ಅಗೆಯಲಿಲ್ಲ. ಅಗೆಯಲು ಪರವಾನಗಿ ಬೇಕು, ಎಂ.ಎ. ಪ್ರಬಂಧಕ್ಕೆ ಅದರ ಅಗತ್ಯವೂ ಇಲ್ಲ. ಒಂದೊಂದು ಕಲ್ಮನೆಗೂ ಸಂಖ್ಯೆ ಕೊಟ್ಟು, ಉದ್ದಗಲ ಅಳೆದು, ಬಾಯಿ ಯಾವ ದಿಕ್ಕಿಗಿದೆ ಎಂದು ಬರೆದುಕೊಂಡಳು. ಮಧ್ಯಾಹ್ನ ಒಂದು ಚಪ್ಪಡಿಯ ನೆರಳಲ್ಲಿ ಕೂತು ರೊಟ್ಟಿ ತಿಂದಳು. ಸಂಜೆ ಹೊರಡುವ ಮುಂಚೆ ಮುತ್ಯಾನ ಹೊಲಕ್ಕೆ ಹೋಗಿ ಬಂದಳು.

ಎರಡು ದಿನದ ನಂತರ ವಾಶಿಯ ಬಾಗಿಲು ತಟ್ಟಿದಾಗ ಆಯಿ ಒಳಗಿನಿಂದ ಕೇಳಲಿಲ್ಲ. ತಾನೇ ತಂಬಿಗೆ ಹಿಡಿದು ಹೊರಗೆ ಬಂದಳು. ‘ಅಲ್ಲೇ ನಿಂದ್ರು’ ಎಂದು ಜಿನೆಯ ಫರಶಿಯ ಮೇಲೆ ನಿಲ್ಲಿಸಿ, ಕಾಲಿಗೆ ನೀರು ಹಾಕಿದಳು. ಬೂಟಿನ ಅಂಚಿನ ಕರಿಮಣ್ಣು ಕರಗಿ ಮೆಟ್ಟಿಲಿಳಿಯಿತು.

‘ಎಷ್ಟ ಮಂದಿ ಇದ್ರವ್ವಾ ಅಲ್ಲಿ?’

ಹುಡುಗಿ ಚೀಲದಿಂದ ವಹಿ ತೆಗೆದು, ಬಾಗಿಲಲ್ಲೇ ಕೂತು, ಒಂದನೆಯ ಮನೆಯಿಂದ ಓದತೊಡಗಿದಳು.